ಎಂಬತ್ತು ಲೀಟರ್ ಕಡಲಿಗೆ ಏನೇನು ಬೇಕು?

ಮನೆಯಲ್ಲೊಂದು ಪುಟ್ಟ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅನ್ನುವವರು ಮೊದಲು ಲೈಟಿನ ಬೆಲೆ ಕೇಳುತ್ತಾರೆ. ಲೈಟಿನ ಸರದಿ ಬರುವುದು ನೀರು, ಅಳತೆ, ಅಲೆ ಎಲ್ಲ ಮುಗಿದ ಮೇಲೆ.

ಅಕ್ವೇರಿಯಂ ಅಂಗಡಿಯಲ್ಲಿ ಗಪ್ಪಿ, ಗೋಲ್ಡ್‌ಫಿಶ್ ತೊಟ್ಟಿಗಳನ್ನು ದಾಟಿ ಒಳಗೆ ಹೋದರೆ ಮೂಲೆಯಲ್ಲೊಂದು ನೀಲಿ ಬೆಳಕಿನ ತೊಟ್ಟಿ ಇರುತ್ತದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದ ಕ್ಲೌನ್ ಮೀನಿನ ಜೋಡಿ, ಬಂಡೆಯ ಸಂದಿಯಿಂದ ಮೀಸೆ ಆಡಿಸುವ ಸಿಗಡಿ, ನೀಲಿ ಬೆಳಕಿಗೆ ಹಸಿರಾಗಿ ಮಿನುಗುವ ಮೃದು ಹವಳಗಳು. ವರ್ಷಗಟ್ಟಲೆ ಸಿಹಿನೀರಿನ ಮೀನು ಸಾಕಿ ಕೈ ಪಳಗಿದವರೂ ಇಲ್ಲಿ ಬಂದು ನಿಂತುಬಿಡುತ್ತಾರೆ. ಮನೆಗೆ ಹೋಗಿ ಏನೇನು ಬೇಕು ಎಂದು ಹುಡುಕಿದರೆ ಅಮೆರಿಕದವರೋ ಜರ್ಮನಿಯವರೋ ಮಾಡಿಟ್ಟ ಉದ್ದನೆಯ ಪಟ್ಟಿ ಸಿಗುತ್ತದೆ: ಸ್ಕಿಮ್ಮರ್, ವೇವ್‌ಮೇಕರ್, ಡೋಸಿಂಗ್ ಪಂಪ್, ಕ್ಯಾಲ್ಸಿಯಂ ರಿಯಾಕ್ಟರ್, ಚಿಲ್ಲರ್, ಕಂಟ್ರೋಲರ್, ಮೊಬೈಲಿನಿಂದ ಬಣ್ಣ ಬದಲಿಸುವ ಲೈಟು. ಒಟ್ಟು ಕೂಡಿಸಿ ನೋಡಿದವರು ಅರ್ಧ ಜನ ಅಲ್ಲೇ ಕೈಬಿಡುತ್ತಾರೆ. ಉಳಿದರ್ಧ ಜನ ಸಾಲ ಸೋಲ ಮಾಡಿ ಎಲ್ಲವನ್ನೂ ಕೊಂಡು ತರುತ್ತಾರೆ.

ಎರಡೂ ಬೇಕಿಲ್ಲ. ಆ ಪಟ್ಟಿಯ ಬಹುಪಾಲು ಬೇರೆ ಪ್ರಾಣಿಗಳಿಗಾಗಿ ಬರೆದದ್ದು. ಭಾರತದಲ್ಲಿ ಆ ಪ್ರಾಣಿಗಳನ್ನು ಮನೆಯಲ್ಲಿ ಸಾಕುವಂತೆಯೇ ಇಲ್ಲ.

ಮೊದಲು ಕಾನೂನು

ಹವಳ ಎಂದಾಗ ಕಣ್ಣಿಗೆ ಬರುವುದು ಕಲ್ಲುಹವಳ. ಮೈಸುತ್ತ ಸುಣ್ಣದ ಗೂಡು ಕಟ್ಟಿಕೊಂಡು, ತಲೆಮಾರಿನ ಮೇಲೆ ತಲೆಮಾರು ಪೇರಿಸಿ ಸಮುದ್ರದಲ್ಲಿ ದಿಬ್ಬವನ್ನೇ ಎಬ್ಬಿಸುವ ಪ್ರಾಣಿ ಅದು. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಈ ಹವಳಗಳಷ್ಟನ್ನೂ, ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್‌ಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಿತು. ಹುಲಿ, ಆನೆ ಇರುವ ಪಟ್ಟಿ ಅದು. ಕಡಲ್ಗುದುರೆಯೂ ಅದೇ ವರ್ಷ ಒಳಗೆ ಬಂತು. 2022ರ ತಿದ್ದುಪಡಿಯಲ್ಲಿ ಷೆಡ್ಯೂಲ್‌ಗಳನ್ನು ಹೊಸದಾಗಿ ಜೋಡಿಸಿದಾಗಲೂ ಕಲ್ಲುಹವಳದ ರಕ್ಷಣೆ ಸಡಿಲಾಗಲಿಲ್ಲ. ಜೀವಂತ ಹವಳ ಮಾತ್ರವಲ್ಲ, ಒಣಗಿದ ಹವಳದ ತುಂಡನ್ನು ಹೆಕ್ಕುವುದು, ಮಾರುವುದು, ಶೋಕೇಸಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವೇ. ‘ನ್ಯಾಚುರಲ್ ರಾಕ್’ ಎಂದು ಅಂಗಡಿಯವರು ಕೊಡುವ ಬಿಳಿ ತೂತುಗಲ್ಲು ಹಲವು ಸಲ ಸತ್ತ ಹವಳದ ಅಸ್ಥಿಯೇ ಆಗಿರುತ್ತದೆ.

ಹಾಗಾದರೆ ಉಳಿದದ್ದೇನು? ಅಣಬೆ ಹವಳ, ಝೋಯಾಂಥಿಡ್, ಲೆದರ್ ಹವಳ. ಹೆಸರಿನಲ್ಲಿ ಹವಳ ಸೇರಿಕೊಂಡಿದ್ದರೂ ಇವು ಕಲ್ಲುಹವಳದ ಗುಂಪಿನವಲ್ಲ, ದಿಬ್ಬ ಕಟ್ಟುವವೂ ಅಲ್ಲ. ಮೈ ಮೆತ್ತಗೆ. ಇವನ್ನು ಕೊಳ್ಳುವಾಗಲೂ ಬಿಲ್ಲು ಬೇಕು, ಎಲ್ಲಿಂದ ಬಂದದ್ದು ಎಂಬ ಕಾಗದ ಬೇಕು. ಯಾವ ಜೀವಿ ಎಂದು ಅಂಗಡಿಯವನಿಗೇ ಖಚಿತವಿಲ್ಲದಿದ್ದರೆ ಮುಟ್ಟಬೇಡಿ. ಅನುಮಾನ ಬಂದರೆ ಅರಣ್ಯ ಇಲಾಖೆಯನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಮೀನಿನ ವಿಷಯದಲ್ಲಿ ಅಷ್ಟು ತೊಡಕಿಲ್ಲ. ಕೊಚ್ಚಿಯಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಮೀನು, ಡ್ಯಾಮ್ಸೆಲ್ ಮೀನುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ಎಂದೋ ರೂಪಿಸಿದೆ. ತೊಟ್ಟಿಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಅದನ್ನೇ ಆರಿಸಿ. ಸಮುದ್ರದಲ್ಲಿ ಬಲೆ ಬೀಸಿ ಹಿಡಿದ ಮೀನಿಗಿಂತ ಅದು ಗಟ್ಟಿ, ಕೈಯಿಂದ ಹಾಕಿದ ಕಾಳನ್ನು ತಿನ್ನುವ ಅಭ್ಯಾಸವೂ ಅದಕ್ಕಿರುತ್ತದೆ.

ಕೊಳ್ಳುವವರಿಗೆ ಈ ಕಾನೂನಿನಿಂದ ದೊಡ್ಡ ಅನುಕೂಲವೇ ಆಗಿದೆ. ಕಲ್ಲುಹವಳ ಗೂಡು ಕಟ್ಟಲು ನೀರಿನಿಂದ ದಿನವೂ ಕ್ಯಾಲ್ಸಿಯಂ, ಕಾರ್ಬೊನೇಟ್ ಹೀರುತ್ತದೆ. ಹೀರಿದ್ದನ್ನು ತುಂಬಿಕೊಡಲೆಂದೇ ಕ್ಯಾಲ್ಸಿಯಂ ರಿಯಾಕ್ಟರು, ಡೋಸಿಂಗ್ ಪಂಪು ಹುಟ್ಟಿಕೊಂಡದ್ದು. ಪ್ರಖರ ಲೈಟು ಬೇಕಾದದ್ದೂ ಅದಕ್ಕೇ. ಮೃದು ಹವಳಕ್ಕೆ ಈ ಹಸಿವು ತೀರಾ ಕಡಿಮೆ. ವಾರಕ್ಕೊಮ್ಮೆ ಬದಲಿಸುವ ಹೊಸ ನೀರಿನಲ್ಲಿ ಇರುವಷ್ಟೇ ಅದಕ್ಕೆ ಸಾಕು. ಪಟ್ಟಿಯ ದುಬಾರಿ ಸಾಲುಗಳ ಮೇಲೆ ಇಲ್ಲೇ ಗೀಟು ಹಾಕಬಹುದು.

ಚಿಕ್ಕದಾದಷ್ಟೂ ಕಷ್ಟ

ಉಳಿದ ಸಾಮಾನಿಗೆಲ್ಲ ಕೆಲಸ ಒಂದೇ: ತೊಟ್ಟಿಯಲ್ಲಿ ಏನೂ ಬದಲಾಗದಂತೆ ನೋಡಿಕೊಳ್ಳುವುದು. ಸಮುದ್ರದ ಉಪ್ಪು, ಶಾಖ ನಿನ್ನೆ ಇದ್ದಂತೆ ಇಂದೂ ಇರುತ್ತವೆ. ಅಲ್ಲಿ ವಿಕಾಸವಾದ ಜೀವಿಗಳಿಗೆ ಏರುಪೇರು ತಾಳಿಕೊಂಡು ರೂಢಿಯಿಲ್ಲ. ಚಿಕ್ಕ ತೊಟ್ಟಿ ಸುಲಭ, ಅಲ್ಲಿ ಕಲಿತು ಆಮೇಲೆ ದೊಡ್ಡದಕ್ಕೆ ಹೋಗೋಣ ಎನ್ನುವವರು ಎಡವುವುದು ಇಲ್ಲೇ.

ಸಮುದ್ರದ ಪ್ರತಿ ಕೆಜಿ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತೊಟ್ಟಿಯಿಂದ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಹಿಂದೆ ಉಳಿಯುತ್ತದೆ. ಒಲೆಯ ಮೇಲೆ ಮರೆತ ಸಾರು ಬತ್ತಿ ಉಪ್ಪಾಗುವ ಹಾಗೆ. ಮೇಜಿನ ಮೇಲಿಡುವ 20 ಲೀಟರಿನ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ಆವಿಯಾಗುತ್ತದೆ ಎಂದುಕೊಳ್ಳಿ. ಒಂದು ವಾರ ನೀರು ಹಾಕದಿದ್ದರೆ ಉಳಿಯುವುದು ಹದಿನಾರೂವರೆ ಲೀಟರ್, ಉಪ್ಪಿನಂಶ 35ರಿಂದ 42ಕ್ಕೆ ಏರಿರುತ್ತದೆ. ಕೆಂಪು ಸಮುದ್ರದ ಉತ್ತರ ತುದಿಯಲ್ಲೂ ಇಷ್ಟು ಉಪ್ಪಿಲ್ಲ, ಅಲ್ಲಿ 41ರ ಆಸುಪಾಸು. 80 ಲೀಟರ್ ನೀರಿನ ತೊಟ್ಟಿಯಲ್ಲಿ ಇದರ ಎರಡು ಪಟ್ಟು, ಅಂದರೆ ದಿನಕ್ಕೆ ಒಂದು ಲೀಟರ್ ಹೋದರೂ ವಾರದ ಕೊನೆಗೆ 38ರ ಹತ್ತಿರ ಇರುತ್ತದೆ. ಒಳ್ಳೆಯದೇನಲ್ಲ, ಆದರೆ ಸರಿಪಡಿಸಲು ಸಮಯ ಸಿಗುತ್ತದೆ.

ಆದ್ದರಿಂದ ಹೊಸಬರಿಗೆ ನನ್ನ ಸಲಹೆ 60 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ತೊಟ್ಟಿ. ಅಂಚಿನವರೆಗೆ 96 ಲೀಟರ್ ಹಿಡಿಯುತ್ತದೆ. ಬಂಡೆ ಇಟ್ಟು, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನೀರು 80 ಲೀಟರ್. ಹಿಂಬದಿಯಲ್ಲಿ ಗಾಜಿನ ತಡೆ ಕೊಟ್ಟು ಫಿಲ್ಟರ್, ಹೀಟರ್, ಪಂಪ್‌ಗಳನ್ನು ಅದರೊಳಗೆ ಅಡಗಿಸುವ ‘ಆಲ್ ಇನ್ ಒನ್’ ಮಾದರಿ ಚಿಕ್ಕ ಮನೆಗಳಿಗೆ ಅನುಕೂಲ. ಗಾಜು ಕೂಡಿಸುವ ನಮ್ಮೂರಿನ ಕುಶಲಕರ್ಮಿಗಳೇ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ನೀರು, ಗಾಜು, ಬಂಡೆ ಸೇರಿ ತೂಕ 110 ಕೆಜಿ ದಾಟುವುದರಿಂದ ಟಿ.ವಿ. ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಬಿಡಿ. ಎಂಡಿಎಫ್ ಹಲಗೆ ಉಪ್ಪುನೀರಿನ ನಾಲ್ಕು ಹನಿಗೇ ಉಬ್ಬುತ್ತದೆ, ಬಣ್ಣ ಕಿತ್ತ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೆರೈನ್ ಪ್ಲೈವುಡ್ ಅಥವಾ ಅಲ್ಯೂಮಿನಿಯಂ ಚೌಕಟ್ಟಿನ ಸ್ಟ್ಯಾಂಡ್ ಮಾಡಿಸಿ, ನೀರು ತುಂಬುವ ಮೊದಲು ಮಟ್ಟಗೋಲು ಇಟ್ಟು ನೋಡಿ.

ಆವಿಯಾದ ನೀರನ್ನು ತಾನೇ ತುಂಬಿಕೊಡುವ ಯಂತ್ರಕ್ಕೆ ಎಟಿಓ ಎನ್ನುತ್ತಾರೆ. ಒಂದು ಸೆನ್ಸರು, ಒಂದು ಪುಟ್ಟ ಪಂಪು, ಪಕ್ಕದಲ್ಲೊಂದು ಕ್ಯಾನು, ಇಷ್ಟೇ. ಹೊಸಬರು ಇದನ್ನು ಐಷಾರಾಮಿ ಸಾಮಾನು ಎಂದು ಬದಿಗಿಡುತ್ತಾರೆ. ನನ್ನ ಪ್ರಕಾರ ಲೈಟಿಗಿಂತ ಮೊದಲು ಬರಬೇಕಾದದ್ದು ಇದು. ಕ್ಯಾನಿಗೆ ತುಂಬುವುದು ಉಪ್ಪು ಬೆರೆಸದ ಶುದ್ಧ ನೀರು. ಆ ಕ್ಯಾನು 5–6 ಲೀಟರಿಗಿಂತ ದೊಡ್ಡದಿರಬಾರದು. ಎಂದಾದರೊಂದು ದಿನ ಸೆನ್ಸರ್ ಕೆಟ್ಟು ಪಂಪ್ ನಿಲ್ಲದೆ ಓಡಿದರೆ 6 ಲೀಟರ್ ಸಿಹಿನೀರಿನಿಂದ ಉಪ್ಪಿನಂಶ 35ರಿಂದ 32–33ಕ್ಕೆ ಇಳಿದು ನಿಲ್ಲುತ್ತದೆ. 25 ಲೀಟರಿನ ಕ್ಯಾನ್ ಇಟ್ಟಿದ್ದರೆ ನೀರು ನೆಲಕ್ಕೂ ಹರಿಯುತ್ತದೆ, ತೊಟ್ಟಿಯ ಜೀವಿಗಳೂ ಉಳಿಯುವುದಿಲ್ಲ.

ನಲ್ಲಿ ನೀರು ಕಡಲಾಗುವ ಬಗೆ

ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣ (ಟಿಡಿಎಸ್) ಹೆಚ್ಚು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಎರಡರಲ್ಲೂ ನೈಟ್ರೇಟ್, ಫಾಸ್ಫೇಟ್ ಇರಬಹುದು, ಅವು ತೊಟ್ಟಿಯಲ್ಲಿ ಪಾಚಿಗೆ ಗೊಬ್ಬರ. ಅಡುಗೆಮನೆಯ ಆರ್‌ಓ ಇದೆಯಲ್ಲ ಎನ್ನುತ್ತೀರಿ. ಕುಡಿಯುವ ನೀರಿನ ಬಹುತೇಕ ಆರ್‌ಓಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರೋ ಮಿನರಲ್ ಕಾರ್ಟ್ರಿಡ್ಜೋ ಇರುತ್ತದೆ. ಶುದ್ಧಗೊಂಡ ನೀರಿಗೆ ಅದು ಲವಣವನ್ನು ಮತ್ತೆ ಸೇರಿಸುತ್ತದೆ. ತೊಟ್ಟಿಗೆ ಬೇಕಾದದ್ದು ಅದಕ್ಕೂ ಮುಂಚಿನ ನೀರು. ಮೆಕ್ಯಾನಿಕ್‌ಗೆ ಹೇಳಿ ಮೆಂಬ್ರೇನ್ ದಾಟಿದ ಕೂಡಲೇ ಒಂದು ಕವಲು ತೆಗೆಸಿ, ಅದಕ್ಕೆ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಕೊಳವೆ ಜೋಡಿಸಿದರೆ ಬೇರೆ ಯಂತ್ರ ಕೊಳ್ಳುವ ಪ್ರಮೇಯವಿಲ್ಲ. ಹೊರಬರುವ ನೀರಿಗೆ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. 3, 4, 5 ಎಂದು ಏರತೊಡಗಿತು ಎಂದರೆ ರೆಸಿನ್ ಬದಲಿಸುವ ಹೊತ್ತು ಬಂತು. ಎ.ಸಿ.ಯಿಂದ ತೊಟ್ಟಿಕ್ಕುವ ನೀರೂ ಮೀಟರಿನಲ್ಲಿ ಶುದ್ಧವಾಗಿಯೇ ಕಂಡೀತು. ಆದರೆ ಅದು ಹರಿದು ಬರುವುದು ತಾಮ್ರದ ಕೊಳವೆಗಳ ಮೇಲಿನಿಂದ. ಸಿಗಡಿ, ಶಂಖದ ಹುಳು, ಮೃದು ಹವಳಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲೂ ವಿಷ.

ಉಪ್ಪು ಅಡುಗೆಯದ್ದಲ್ಲ. ಅದರಲ್ಲಿರುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ. ಸಮುದ್ರದ ನೀರಿನಲ್ಲಿ ಅದರ ಜೊತೆಗೆ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಇವೆ: ಲೀಟರಿಗೆ ಕ್ಯಾಲ್ಸಿಯಂ 400 ಮಿ.ಗ್ರಾಂಗಿಂತ ತುಸು ಹೆಚ್ಚು, ಮೆಗ್ನೀಷಿಯಂ 1,300ರ ಹತ್ತಿರ. ಈ ಪ್ರಮಾಣದಲ್ಲಿ ಬೆರೆಸಿದ ರೀಫ್ ಉಪ್ಪು ಪ್ಯಾಕೆಟ್ಟಿನಲ್ಲಿ, ಬಕೆಟ್ಟಿನಲ್ಲಿ ಸಿಗುತ್ತದೆ. ಅದು ಗಾಳಿಯ ತೇವ ಹೀರಿಕೊಂಡಿರುವುದರಿಂದ ಲೀಟರಿಗೆ 36–38 ಗ್ರಾಂ ಹಿಡಿಯುತ್ತದೆ. ವಾರಕ್ಕೆ 8 ಲೀಟರ್ ನೀರು ಬದಲಿಸುವ ಮನೆಗೆ ತಿಂಗಳಿಗೆ ಒಂದೂಕಾಲು ಕೆಜಿ ಉಪ್ಪು ಸಾಕು. ಪೂರ್ತಿ ಬಕೆಟ್ ಕೊಂಡರೆ ಅಗ್ಗ ನಿಜ, ಮುಚ್ಚಳ ಬಿಗಿಯಾಗಿರದಿದ್ದರೆ ನಮ್ಮ ಮಳೆಗಾಲದಲ್ಲಿ ಅದು ಗಟ್ಟಿಯಾಗಿ ಕಲ್ಲಾಗುತ್ತದೆ.

ಕರಾವಳಿಯವರಿಗೆ ಸಮುದ್ರವೇ ಪಕ್ಕದಲ್ಲಿದೆ. ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯಂಥ ನದಿಗಳು ಕೆಂಪು ನೀರು ತಂದು ಸುರಿಯುವಾಗ ದಡದ ನೀರಿನ ಉಪ್ಪು ತೀರಾ ಕುಸಿದಿರುತ್ತದೆ. ಬಂದರಿನ ಬಳಿಯ ನೀರಿನಲ್ಲಿ ಡೀಸೆಲ್ ತೇಲುತ್ತದೆ. ಬೇಸಿಗೆಯಲ್ಲಿ, ಅಳಿವೆ ಮತ್ತು ಬಂದರು ಎರಡರಿಂದಲೂ ದೂರದಲ್ಲಿ ತುಂಬಿಕೊಂಡ ನೀರು ಬಳಸಬಹುದು, ಅದೂ ಸೋಸಿ, ಉಪ್ಪು ಅಳೆದ ಮೇಲೆ.

ಅಳೆಯುವುದಕ್ಕೆ ರಿಫ್ರಾಕ್ಟೋಮೀಟರ್. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ನೀಲಿಯೂ ಬಿಳಿಯೂ ಸೇರುವ ಗೆರೆ ಕಾಣುತ್ತದೆ. ಅದು 35ರ ಮೇಲೆ, ಇಲ್ಲವೇ ಸಾಪೇಕ್ಷ ಸಾಂದ್ರತೆ 1.026ರ ಹತ್ತಿರ ಇರಬೇಕು. ಅಗ್ಗದ ರಿಫ್ರಾಕ್ಟೋಮೀಟರುಗಳ ಜೊತೆ ಬರುವ ಕಾಗದ ಶುದ್ಧ ನೀರಿಗೆ ಸೊನ್ನೆ ಹೊಂದಿಸಿ ಎನ್ನುತ್ತದೆ. ಸೊನ್ನೆಯಲ್ಲಿ ಸರಿಯಿದ್ದದ್ದು 35ರಲ್ಲಿ ತಪ್ಪಿರಬಹುದು. 35ರ ಅಳತೆ ದ್ರಾವಣ ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು: 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಒಣ ಅಡುಗೆ ಉಪ್ಪು. ಈ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣವೂ 35ರ ಸಮುದ್ರದ ನೀರು ಬಾಗಿಸುವ ಪ್ರಮಾಣವೂ ಒಂದೇ. ತೊಟ್ಟಿಗೆ ಬೇಡವೆಂದ ಅಡುಗೆ ಉಪ್ಪು ಇಲ್ಲಿ ಕೆಲಸಕ್ಕೆ ಬರುತ್ತದೆ. ಗ್ರಾಂ ತೂಗುವ ತಕ್ಕಡಿ ಚೆನ್ನಾಗಿದ್ದರಾಯಿತು.

ಊರಿಗೆ ತಕ್ಕ ಶಾಖ

ಹವಳದ ತೊಟ್ಟಿಗೆ 25–26 ಡಿಗ್ರಿ ಹಿತ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಹೊರಗೆ 15–16 ಡಿಗ್ರಿಗೆ ಇಳಿಯುತ್ತದೆ, ಹೀಟರ್ ಬೇಕು. ಅದೇ ಊರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ. ಅಂದರೆ ತಂಪಾಗಿಸಲೂ ದಾರಿ ಇಟ್ಟುಕೊಂಡಿರಬೇಕು.

ಹೀಟರ್ ಲೀಟರಿಗೆ ಒಂದು ವಾಟ್ ಲೆಕ್ಕದಲ್ಲಿ ಸಾಕು. 100 ವಾಟಿನದ್ದು ಒಂದು ಕೊಳ್ಳುವ ಬದಲು 50 ವಾಟಿನವು ಎರಡು ಕೊಳ್ಳಿ. ಹೀಟರಿನ ಒಳಗಿನ ಥರ್ಮೋಸ್ಟಾಟ್ ಕೆಡುವಾಗ ಹಲವು ಸಲ ಆನ್ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತದೆ. ಎರಡರಲ್ಲಿ ಒಂದು ಹಾಗೆ ಅಂಟಿಕೊಂಡರೂ 50 ವಾಟ್ ಅಷ್ಟು ಬೇಗ ನೀರನ್ನು ಬೇಯಿಸಲಾರದು. ಹೊರಗಿನಿಂದ ಒಂದು ಪ್ರತ್ಯೇಕ ಥರ್ಮೋಸ್ಟಾಟ್ ಕಂಟ್ರೋಲರ್ ಜೋಡಿಸಿ ಹೀಟರ್, ಫ್ಯಾನ್ ಎರಡನ್ನೂ ಅದಕ್ಕೆ ಒಪ್ಪಿಸಿದರೆ ಇನ್ನೂ ನೆಮ್ಮದಿ.

ತಂಪಿಗೆ ಏನು ಬೇಕೆಂಬುದನ್ನು ನಿಮ್ಮ ಊರಿನ ಗಾಳಿ ಹೇಳುತ್ತದೆ. ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನು ಆವಿಯ ಮೂಲಕ ಶಾಖ ಇಳಿಸುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಒಣ ಬೇಸಿಗೆಯಲ್ಲಿ ಅದು ಎರಡು ಮೂರು ಡಿಗ್ರಿ ಇಳಿಸಬಲ್ಲದು. ಬದಲಿಗೆ ನೀರು ಹೆಚ್ಚು ಆವಿಯಾಗುತ್ತದೆ, ಎಟಿಓ ಇಲ್ಲದೆ ಫ್ಯಾನ್ ಓಡಿಸುವಂತಿಲ್ಲ. ಮಂಗಳೂರಿನ ತೇವದ ಗಾಳಿಗೆ ಇನ್ನಷ್ಟು ಆವಿ ಹಿಡಿಯುವ ತಾಕತ್ತು ಕಡಿಮೆ. ಅಲ್ಲಿ ಫ್ಯಾನ್ ಅಷ್ಟಾಗಿ ನಡೆಯದು, ಚಿಲ್ಲರ್ ಕೊಳ್ಳಬೇಕು ಇಲ್ಲವೇ ಎ.ಸಿ. ಇರುವ ಕೋಣೆಯಲ್ಲಿ ತೊಟ್ಟಿ ಇಡಬೇಕು. ಚಿಲ್ಲರ್ ತೊಟ್ಟಿಯ ಶಾಖವನ್ನು ಕೋಣೆಗೆ ಉಗುಳುವ ಯಂತ್ರವಾದ್ದರಿಂದ ಅದನ್ನು ಮುಚ್ಚಿದ ಕಪಾಟಿನೊಳಗೆ ಕೂರಿಸಿದರೆ ಉಪಯೋಗವಿಲ್ಲ.

ಒಂದೆರಡು ಡಿಗ್ರಿಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕೇ? ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿದೆ. ಬೆಳಕಿನಿಂದ ಅದು ತಯಾರಿಸುವ ಆಹಾರವೇ ಹವಳದ ಮುಖ್ಯ ಊಟ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೇ ಡಿಗ್ರಿ ಹೆಚ್ಚಿನ ಶಾಖ ಕೆಲವು ವಾರ ಮುಂದುವರಿದರೆ ಹವಳ ಈ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಜಗತ್ತಿನ ಸಮುದ್ರಗಳಲ್ಲಿ ಈ ಬಿಳಿಚುವಿಕೆ ನಾಲ್ಕನೇ ಬಾರಿ ವ್ಯಾಪಕವಾಗಿದೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಲಕ್ಷದ್ವೀಪದ ಹವಳವೂ ಅದೇ ಬೇಸಿಗೆಯಲ್ಲಿ ಬಿಳಿಚಿತ್ತು. ಮನೆಯ ತೊಟ್ಟಿಯಲ್ಲಿ ಅದಕ್ಕೆ ಹಲವು ವಾರ ಬೇಡ, ಬೀಗ ಹಾಕಿದ ಮನೆಯ ಎರಡು ಮಧ್ಯಾಹ್ನ ಸಾಕು.

ಅಲೆ ನಿಂತರೆ ಉಸಿರು ನಿಂತಂತೆ

1846ರಲ್ಲಿ ಆನಾ ಥೈನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಪಂಪು, ವಿದ್ಯುತ್ತು ಯಾವುದೂ ಇಲ್ಲದ ಕಾಲ. ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ಹವಳಗಳಿದ್ದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದಳು, ಅರ್ಧ ಮುಕ್ಕಾಲು ಗಂಟೆ. ಹವಳಗಳು ಬದುಕಿದವು. ಇಂದಿನ ವೇವ್‌ಮೇಕರ್ ಮಾಡುವುದು ಆಕೆಯ ತೋಳುಗಳು ಮಾಡಿದ್ದನ್ನೇ: ನೀರಿನ ಮೇಲ್ಮೈಯನ್ನು ಕಲಕಿ ಆಮ್ಲಜನಕ ಸೇರಿಸುವುದು. ಕಾಲಿಲ್ಲದೆ ಒಂದೆಡೆ ಕೂತ ಜೀವಿಗೆ ಊಟ ತಲುಪಿಸುವುದು, ಅದರ ಕಸ ಒಯ್ಯುವುದೂ ಅಲೆಯ ಕೆಲಸವೇ.

ಮೃದು ಹವಳಕ್ಕೆ ತೊಟ್ಟಿಯ ನೀರು ಗಂಟೆಗೆ 15–20 ಸಲ ಸುತ್ತಿದರೆ ಸಾಕು. 80 ಲೀಟರಿಗೆ ಗಂಟೆಗೆ 1,200ರಿಂದ 1,600 ಲೀಟರ್ ಲೆಕ್ಕ. ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡಿಸಿ ವೇವ್‌ಮೇಕರನ್ನೇ ಕೊಳ್ಳಿ, 24 ವೋಲ್ಟಿನದ್ದು. ಕಾರಣ ನಮ್ಮ ಕರೆಂಟು. ಕರೆಂಟ್ ಹೋದಾಗ ಲೈಟ್ ಆರಿದರೆ ಚಿಂತೆಯಿಲ್ಲ, ಹೀಟರ್ ನಿಂತರೆ ಕೆಲವು ಗಂಟೆ ತಡೆಯುತ್ತದೆ. ನೀರು ನಿಂತರೆ ಮಾತ್ರ ಆಮ್ಲಜನಕ ಗಂಟೆಗಳಲ್ಲೇ ಕುಸಿಯುತ್ತದೆ. ಡಿಸಿ ಪಂಪನ್ನು ಸಣ್ಣ ಬ್ಯಾಟರಿಯಿಂದಲೂ ಓಡಿಸಬಹುದು. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಮಾದರಿಯೇ ನೋಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪುಗಳು ಗುಂಯ್‌ಗುಟ್ಟುತ್ತ ಬಿಸಿಯಾಗುತ್ತವೆ. ಇದ್ಯಾವುದೂ ಆಗದಿದ್ದರೆ ಸೆಲ್ಲಿನಿಂದ ನಡೆಯುವ ಗಾಳಿ ಪಂಪ್ ಒಂದನ್ನು ತಂದು ಸ್ಟ್ಯಾಂಡಿನೊಳಗೆ ಇಟ್ಟಿರಿ.

ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ, ಹಾಗಾಗಿ ಇನ್ನೊಂದು ಖರ್ಚು ತಪ್ಪಿಸುವಂತಿಲ್ಲ. ತೊಟ್ಟಿಗೆ ಹೋಗುವ ಸಾಲಿಗೆ, ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಪ್ರತಿ ವೈರೂ ಸಾಕೆಟ್ಟಿಗೆ ಏರುವ ಮುನ್ನ ಕೆಳಗೆ ಒಮ್ಮೆ ಬಾಗಿ ಹೋಗಲಿ, ಆಗ ವೈರಿನ ಮೇಲೆ ಜಾರಿ ಬಂದ ನೀರು ಅಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ.

ನೀಲಿ ಬೆಳಕಿನ ಮೋಹ

ಲೈಟಿನ ಸರದಿ ಈಗ. ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ, ನೀಲಿ ಆಳಕ್ಕೆ ಇಳಿಯುತ್ತದೆ. ಹವಳದೊಳಗಿನ ಪಾಚಿ ಆ ನೀಲಿಗೇ ಹೊಂದಿಕೊಂಡಿದೆ. ಆದ್ದರಿಂದ ಗಿಡದ ತೊಟ್ಟಿಗೆಂದು ಮಾಡಿದ, ಕೆಂಪು ಹೆಚ್ಚಿರುವ ಎಲ್‌ಇಡಿ ಇಲ್ಲಿ ಬೇಡದ ಪಾಚಿ ಬೆಳೆಸಲು ಮಾತ್ರ ಉಪಯೋಗ. 420ರಿಂದ 480 ನ್ಯಾನೋಮೀಟರಿನ ನೀಲಿ ಚೆನ್ನಾಗಿರುವ ರೀಫ್ ಎಲ್‌ಇಡಿ ಬೇಕು.

ಎಷ್ಟು ಪ್ರಖರ ಇರಬೇಕು ಎಂಬಲ್ಲಿ ಹಣ ಉಳಿಯುತ್ತದೆ. ಉಪಯುಕ್ತ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕವಲೊಡೆಯುವ ಕಲ್ಲುಹವಳಕ್ಕೆ 250–350 ಬೇಕಾದರೆ ಅಣಬೆ ಹವಳಕ್ಕೆ 50–100, ಝೋಯಾಂಥಿಡ್‌ಗೆ 100ರ ಸುತ್ತಮುತ್ತ ಸಾಕು. 60 ಸೆಂ.ಮೀ. ತೊಟ್ಟಿಗೆ 40–50 ವಾಟಿನ ಒಂದು ಎಲ್‌ಇಡಿ ಇದನ್ನು ನಿಭಾಯಿಸುತ್ತದೆ. ಮೋಡ, ಮಿಂಚು, ಬೆಳದಿಂಗಳು ತೋರಿಸುವ ಮಾದರಿಗಳ ಹೆಚ್ಚುವರಿ ದುಡ್ಡು ನೋಡುವವರ ಖುಷಿಗೆ. ಹವಳಕ್ಕೆ ಬೇಕಾದದ್ದು ದಿನವೂ ಅದೇ ಹೊತ್ತಿಗೆ ಹೊತ್ತಿ, ಒಂಬತ್ತು ಗಂಟೆಯ ನಂತರ ಆರುವ ಟೈಮರ್. ಹೊಸ ಜೀವಿ ತಂದ ದಿನ ಲೈಟನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ, ಮೂರ್ನಾಲ್ಕು ವಾರಗಳಲ್ಲಿ ನಿಧಾನವಾಗಿ ಏರಿಸಿ.

ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಇಲ್ಲೇ ಮುಗಿಸೋಣ. 50 ವಾಟಿನ ಲೈಟು ಒಂಬತ್ತು ಗಂಟೆಗೆ 0.45 ಯೂನಿಟ್. ಪಂಪುಗಳೆಲ್ಲ ಸೇರಿ 20 ವಾಟ್ ಎಂದರೂ ಇಡೀ ದಿನಕ್ಕೆ 0.48. ತಿಂಗಳಿಗೆ 28 ಯೂನಿಟ್ ಆಸುಪಾಸು. ಹೀಟರ್, ಚಿಲ್ಲರ್ ಓಡುವ ತಿಂಗಳುಗಳಲ್ಲಿ ಇದರ ಮೇಲೆ ಸೇರುತ್ತದೆ.

ಬಂಡೆಯೇ ಫಿಲ್ಟರು

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ತಮ್ಮ ತೊಟ್ಟಿಗಳ ಬಗ್ಗೆ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಸಮುದ್ರದಿಂದ ತಂದ ಜೀವಭರಿತ ಬಂಡೆ, ಗಾಳಿಗುಳ್ಳೆ, ಬಿಸಿಲು, ಅಷ್ಟೇ ಅವರ ಸಾಮಾನು. ಬಂಡೆಯ ಸೂಕ್ಷ್ಮ ತೂತುಗಳಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ಮೀನಿನ ಕಸದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ನಮಗೆ ಸಮುದ್ರದ ಬಂಡೆ ಬೇಡ. ತೂತುತೂತಾಗಿ ಸುಟ್ಟು ಮಾಡಿದ ಸೆರಾಮಿಕ್ ಬಂಡೆ 8–10 ಕೆಜಿ ಇದ್ದರೆ ಬ್ಯಾಕ್ಟೀರಿಯಾ ಅಲ್ಲೂ ಅಷ್ಟೇ ಸಂತೋಷವಾಗಿ ಮನೆ ಮಾಡುತ್ತದೆ.

ಪ್ರೋಟೀನ್ ಸ್ಕಿಮ್ಮರ್ ಬೇಕೇ? ಅದು ನೀರಿನಲ್ಲಿ ನವಿರಾದ ಗುಳ್ಳೆಗಳನ್ನು ಎಬ್ಬಿಸುತ್ತದೆ. ಕರಗಿದ ಜಿಡ್ಡು, ಪ್ರೋಟೀನು ಗುಳ್ಳೆಯ ಮೈಗೆ ಅಂಟಿ ನೊರೆಯಾಗಿ ಮೇಲಿನ ಲೋಟಕ್ಕೆ ಉಕ್ಕುತ್ತದೆ. ಸೊಗಸಾದ ಯಂತ್ರ. ಎರಡು ಮೂರು ಚಿಕ್ಕ ಮೀನಿರುವ 80 ಲೀಟರಿನ ತೊಟ್ಟಿಗೆ ಮೊದಲ ವರ್ಷ ಅದರ ಅಗತ್ಯ ಬೀಳದು. ವಾರಕ್ಕೆ 8 ಲೀಟರ್ ನೀರು ಬದಲಿಸಿ, ಫಿಲ್ಟರಿನ ಹತ್ತಿಯನ್ನು ಮೂರ್ನಾಲ್ಕು ದಿನಕ್ಕೊಮ್ಮೆ ತೆಗೆದರೆ ಅದೇ ಕೆಲಸ ಆಗುತ್ತದೆ. ಉಳಿದ ದುಡ್ಡಿನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಕ್ಷಾರೀಯತೆ ಅಳೆಯುವ ಟೆಸ್ಟ್ ಕಿಟ್ ಬರುತ್ತದೆ. ಹೊಸ ಮೀನನ್ನು ಕೆಲವು ವಾರ ಬೇರೆಯಾಗಿ ಇಡಲು 25 ಲೀಟರಿನ ಪ್ಲಾಸ್ಟಿಕ್ ತೊಟ್ಟಿ, ಸ್ಪಂಜ್ ಫಿಲ್ಟರ್ ಕೂಡ. ಬಿಳಿ ಚುಕ್ಕಿ ರೋಗಕ್ಕೆ ತಾಮ್ರದ ಔಷಧಿ ಕೊಡುವುದಿದ್ದರೆ ಈ ಎರಡನೇ ತೊಟ್ಟಿಯಲ್ಲಿ ಮಾತ್ರ.

ಝೋಯಾಂಥಿಡ್ ಇಡುವವರಿಗೆ ಒಂದು ಜೊತೆ ಕೈಗವಸು, ಒಂದು ಕನ್ನಡಕ. ಇವುಗಳಲ್ಲಿ ಕೆಲವು ಜಾತಿಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅವು ಅಂಟಿದ ಬಂಡೆಯನ್ನು ಸ್ವಚ್ಛ ಮಾಡಲೆಂದು ಕುದಿಸಿದವರು ಆವಿ ಕುಡಿದು ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕುದಿಸಬೇಡಿ, ಉಜ್ಜಬೇಡಿ, ಗಾಯದ ಕೈ ಹಾಕಬೇಡಿ.

ಕೊಳ್ಳುವ ಕ್ರಮ

ಮೊದಲ ತಿಂಗಳು: ತೊಟ್ಟಿ, ಸ್ಟ್ಯಾಂಡ್, ಆರ್‌ಸಿಸಿಬಿ, ಡಿಐ ಕೊಳವೆ, ಟಿಡಿಎಸ್ ಮೀಟರ್, ರಿಫ್ರಾಕ್ಟೋಮೀಟರ್, ಉಪ್ಪು, ಬಂಡೆ, ವೇವ್‌ಮೇಕರ್, ಹೀಟರ್, ಥರ್ಮಾಮೀಟರ್, ಎಟಿಓ, ಟೆಸ್ಟ್ ಕಿಟ್.

ಎರಡನೇ ತಿಂಗಳು: ಬ್ಯಾಟರಿ, ಫ್ಯಾನ್, ಮೀನನ್ನು ಬೇರೆ ಇಡುವ ತೊಟ್ಟಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಕ್ಲೌನ್ ಜೋಡಿ.

ಆಮೇಲೆ: ಲೈಟು. ಅದಾದ ಮೇಲೆ ಮೃದು ಹವಳ.

ಲೈಟು ಕೊನೆಗೆ ಬಂದದ್ದು ಕಣ್ತಪ್ಪಿನಿಂದಲ್ಲ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ, ಕ್ಲೌನ್ ಮೀನಿಗೆ ಕೋಣೆಯ ಬೆಳಕೇ ಸಾಕು. ಖಾಲಿ ತೊಟ್ಟಿಗೆ ರೀಫ್ ಲೈಟ್ ಹಾಕಿದವರು ಸಾಕಿದ್ದು ಕಂದು ಪಾಚಿಯನ್ನು. ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಊಟವಾಗಿ ಅಮೋನಿಯಂ ಕ್ಲೋರೈಡಿನ ಹನಿಗಳನ್ನೋ ಮೀನು ಮಾರ್ಕೆಟ್ಟಿನ ಒಂದು ಹಸಿ ಸಿಗಡಿಯನ್ನೋ ತೊಟ್ಟಿಗೆ ಹಾಕಬೇಕು. ಜೀವಂತ ಮೀನು ಬಿಟ್ಟು ‘ನೀರು ಹದ ಮಾಡುವ’ ಹಳೆಯ ಪದ್ಧತಿ ಆ ಮೀನಿಗೆ ಹಿಂಸೆ.

ಆಯ್ಕೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಈ ಖಾಲಿ ವಾರಗಳೇ ತಕ್ಕವು. ಒಂದು ಶುಕ್ರವಾರ ಸಂಜೆ ಉಪ್ಪು, ಶಾಖ ಅಳೆದು ಬರೆದಿಟ್ಟು, ತೊಟ್ಟಿಯನ್ನು ಅದರ ಪಾಡಿಗೆ ಬಿಟ್ಟು ಊರಿಗೆ ಹೋಗಿ ಬನ್ನಿ. ಕಲ್ಲುಹವಳವನ್ನೇ ನೋಡಬೇಕೆಂಬ ಹಂಬಲ ಇನ್ನೂ ಇದ್ದರೆ ಮುರುಡೇಶ್ವರಕ್ಕೇ ಹೋಗಿ. ಮಳೆಗಾಲ ಮುಗಿದ ಮೇಲೆ ಅಲ್ಲಿಂದ ನೇತ್ರಾಣಿ ದ್ವೀಪದ ಬಳಿಗೆ ಡೈವಿಂಗ್‌ಗೆ ಕರೆದೊಯ್ಯುತ್ತಾರೆ, ಹವಳ ಅದರ ಜಾಗದಲ್ಲೇ ಕಾಣಸಿಗುತ್ತದೆ. ಸೋಮವಾರ ಬಂದು ಮತ್ತೆ ಅಳೆಯಿರಿ. ಗೆರೆ 35ರಲ್ಲೇ ಇದ್ದು, ಥರ್ಮಾಮೀಟರ್ ಒಂದು ಡಿಗ್ರಿಗಿಂತ ಹೆಚ್ಚು ಅಲುಗಿರದಿದ್ದರೆ ಮೀನು ತರಬಹುದು. ಅಲುಗಿದ್ದರೆ ಯಾವ ಸಾಮಾನು ಕೈಕೊಟ್ಟಿತೆಂದು ಹುಡುಕಿ ಸರಿಪಡಿಸಿ, ಇನ್ನೊಂದು ಶುಕ್ರವಾರ ನೋಡಿ. ಒಂದು ಜೀವವೂ ಹೋಗದೆ ಪಾಠ ಸಿಗುವುದು ಈ ಹಂತದಲ್ಲಿ ಮಾತ್ರ.